ಮೈ ಬಂದರೆ ಇರಲೆಂದು ಬಿಟ್ಟ ಬಟ್ಟೆ

ಆ ಮನೆಯ ಮುಂದಿನ ಕೋಣೆ ಹೊಲಿಗೆಯವಳದು. ಕಿಟಕಿಯ ಪಕ್ಕ ಮೆಷಿನ್ನು, ಗೋಡೆಗೆ ಒತ್ತಿಕೊಂಡು ಬಟ್ಟೆ ಕತ್ತರಿಸುವ ಮೇಜು, ಬಾಗಿಲ ಹಿಂದೆ ಗಿರಾಕಿಗಳ ಪ್ಯಾಂಟು, ಕೋಟುಗಳ ಸಾಲು. ಉಳಿದಿದ್ದ ಅಷ್ಟಿಷ್ಟು ಖಾಲಿ ನೆಲದಲ್ಲಿ ಒಂದು ಬೆಳಿಗ್ಗೆ ಅವಳ ಗಂಡ ಕಂಬಳಿ ಹಾಸಿ, ಗೋಡೆಗೆ ಫೋನು ಒರಗಿಸಿ, ಕುಪ್ಪಳಿಸತೊಡಗಿದ. ಅಗ್ನಿಶಾಮಕ ಠಾಣೆಯವನು, ಆಳೂ ಸಣ್ಣವನಲ್ಲ. ಅವನು ಹಾರಿ ಇಳಿದಾಗಲೆಲ್ಲ ಮೇಜಿನ ಮೇಲೆ ಕತ್ತರಿ ಕುಣಿಯುತ್ತಿತ್ತು, ಗುಂಡುಸೂಜಿಯ ಡಬ್ಬಿ ಅಂಚಿಗೆ ಸರಿಯುತ್ತಿತ್ತು. ಅಡುಗೆಮನೆಯಿಂದ ಅತ್ತೆ, "ಮನೆ ಬೀಳಿಸ್ತೀಯೇನೋ?" ಎಂದು ಕೂಗುತ್ತಿದ್ದರು.

ಇಷ್ಟೆಲ್ಲ ಶುರುವಾದದ್ದು ಒಂದು ಮೆಟ್ಟಿಲ ಮೇಲೆ. ಯಾವುದೋ ವಸತಿ ಕಟ್ಟಡಕ್ಕೆ ಬೆಂಕಿ ಬಿದ್ದಾಗ ಮೇಲಿನ ಮನೆಯಲ್ಲಿ ಮುದುಕಿಯೊಬ್ಬಳು ಸಿಕ್ಕಿಕೊಂಡಿದ್ದಳು. ಇವನು ಅರ್ಧ ಹತ್ತುವಷ್ಟರಲ್ಲಿ ಏದುಸಿರು ಬಂದು ಮೆಟ್ಟಿಲ ಮೇಲೆ ಕುಸಿದು ಕೂತ. ಜೊತೆಗಾರ ಇವನನ್ನು ದಾಟಿ ಹೋಗಿ ಮುದುಕಿಯನ್ನು ಎತ್ತಿಕೊಂಡು ಬಂದ, ಆಮೇಲೆ ಮತ್ತೆ ಹತ್ತಿ ಬಂದು ಇವನನ್ನೂ ಕೈ ಹಿಡಿದು ಇಳಿಸಿದ. ಆ ಜೊತೆಗಾರನಿಗೆ ಠಾಣೆಯಲ್ಲಿ ಕಡ್ಡಿ ಅಂತ ಹೆಸರು. ಇವನಿಗೆ ಮೈ ಬಂದಾಗಿನಿಂದ ಡ್ರಮ್ಮು ಅಂತ. ಅಲ್ಲಿಯವರೆಗೆ ಆ ಹೆಸರಿಗೆ ಇವನೂ ನಗುತ್ತಿದ್ದ. ಆ ದಿನದಿಂದ ನಗಲಿಲ್ಲ.

ಠಾಣೆಯಲ್ಲಿ ಏಣಿ ಪರೀಕ್ಷೆ ಹತ್ತಿರ ಬರುತ್ತಿತ್ತು. ಅದರಲ್ಲಿ ಫೇಲಾದವನಿಗೆ ಗೇಟು ತೆಗೆದು ಮುಚ್ಚುವ ಕೆಲಸ. "ಗಾಡಿ ಹೊರಡುವಾಗ ನಾನು ಗೇಟು ತೆಗೆದು ಸಲಾಂ ಹೊಡೀಬೇಕಾ? ಸತ್ತರೂ ಆಗಲ್ಲ ಕಣೇ," ಎಂದ. ಕಡ್ಡಿಯೇ ಅವನ ಫೋನಿಗೆ ಆ ವ್ಯಾಯಾಮದ ವೀಡಿಯೊ ಹಾಕಿಕೊಟ್ಟ. ಜಿಮ್ಮು ಬೇಡ, ಸಲಕರಣೆ ಬೇಡ, ಮನೆಯಲ್ಲೇ ಮೈ ಹುರಿಗೊಳಿಸಿ ಅನ್ನುವಂಥದ್ದು. ಅದರಲ್ಲಿ ಒಬ್ಬ ಗಂಟಲು ಹರಿಯುವ ಹಾಗೆ ಅರಚುತ್ತಿದ್ದ. ಅತ್ತೆ ಅವನಿಗೆ ಕೂಗುಮಾರಿ ಅಂತ ಹೆಸರಿಟ್ಟರು.

ನ್ಯಾಯವಾಗಿ ಹೇಳಬೇಕೆಂದರೆ ಆ ಕೂಗುಮಾರಿ ಕೆಟ್ಟದ್ದೇನೂ ಹೇಳಲಿಲ್ಲ. ಕುಣಿದಾಟ ಮುಗಿದ ಮೇಲೆ ಅವನು ಕೂತು ಊಟದ ಮಾತಾಡುತ್ತಿದ್ದ. ಇಷ್ಟು ದುಡಿದ ಮೈಗೆ ಇಷ್ಟು ಬೇಕೇ ಬೇಕು, ಮುಷ್ಟಿಯಷ್ಟು ಅನ್ನ, ಅಂಗೈ ಅಗಲದ ಮೀನೋ ಕೋಳಿಯೋ, ತರಕಾರಿ ಬೇಕಾದಷ್ಟು, ಕಡಿಮೆ ತಿಂದರೆ ಮೈ ತನ್ನ ಮಾಂಸವನ್ನೇ ತಿಂದುಕೊಳ್ಳುತ್ತೆ ಅಂತ. ಹೊಲಿಗೆಯವಳು ಮೆಷಿನ್ನು ನಿಲ್ಲಿಸಿ ಅದನ್ನು ಕೇಳಿಸಿಕೊಂಡಿದ್ದಳು. ಗಂಡ ಮಾತ್ರ ಅಷ್ಟು ಹೊತ್ತಿಗೆ ಫೋನು ಆರಿಸಿಬಿಡುತ್ತಿದ್ದ.

"ಪೂರ್ತಿ ಕೇಳ್ರೀ, ಏನೋ ಊಟದ್ದು ಹೇಳ್ತಿದಾನೆ."

"ಅದು ಸಣ್ಣಗಿರೋರಿಗೆ ಕಣೇ. ನನ್ನ ಹತ್ರ ದಾಸ್ತಾನೇ ಇದೆಯಲ್ಲ," ಎಂದು ಹೊಟ್ಟೆ ತಟ್ಟಿಕೊಂಡ.

ಕೂಗುಮಾರಿಯ ಒಂದೇ ಒಂದು ಮಾತು ಅವನಿಗೆ ವೇದವಾಯಿತು. ತೂಕದ ಯಂತ್ರ ಅಟ್ಟಕ್ಕೆ ಹಾಕಿ, ನಿಮ್ಮ ಹಳೇ ಪ್ಯಾಂಟೊಂದನ್ನು ಗೋಡೆಗೆ ನೇತುಹಾಕಿ, ಅದು ಸುಳ್ಳು ಹೇಳಲ್ಲ ಅಂದಿದ್ದ. ಅವನು ಪೆಟ್ಟಿಗೆಯ ತಳದಿಂದ ಮದುವೆಯಾದ ಹೊಸತರ ಯೂನಿಫಾರಂ ಪ್ಯಾಂಟು ಹೊರಗೆಳೆದ. ಅದು ಅವಳೇ ಹೊಲಿದುಕೊಟ್ಟದ್ದು. ಪ್ರತಿ ಭಾನುವಾರ ಬೆಳಿಗ್ಗೆ ಅದನ್ನು ಹಾಕಿ ನೋಡುವುದು, ಗುಂಡಿ ಕೂಡದೆ ಹೋದರೆ ಆ ವಾರ ಊಟಕ್ಕೆ ಕತ್ತರಿ.

ಗುಂಡಿ ಕೂಡಲಿಲ್ಲ. ಒಂದು ವಾರ ಅನ್ನ ಅರ್ಧವಾಯಿತು, ಮುಂದಿನ ವಾರ ಅದರಲ್ಲೂ ಅರ್ಧ. ಆಮೇಲೆ ಬೆಳಿಗ್ಗೆ ಬರೀ ಕಾಫಿ, ರಾತ್ರಿ ಒಂದು ಮೊಟ್ಟೆಯ ಬಿಳಿ ಭಾಗ. ಹಳದಿ ತೆಗೆದು ತಟ್ಟೆಯ ಅಂಚಿಗೆ ಸರಿಸಿಡುತ್ತಿದ್ದ, ಅತ್ತೆ ಅದನ್ನು ನೋಡಿ ಕಣ್ಣೊರೆಸಿಕೊಳ್ಳುತ್ತಿದ್ದರು. "ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಕೊಂಡು ಬೆಂಕಿ ಆರಿಸೋಕೆ ಹೋಗ್ತಾನಂತೆ! ನಿನ್ನ ಗಂಡನಿಗೆ ನೀನಾದ್ರೂ ಬುದ್ಧಿ ಹೇಳೇ." ಹೇಳದೆ ಬಿಟ್ಟಿದ್ದಳೇ? ಬೇಡಿಕೊಂಡಳು, ಬೈದಳು, ತಾನೂ ಊಟ ಬಿಟ್ಟು ಮಲಗಿದಳು. ಅವನು ಕಿವಿಗೇ ಹಾಕಿಕೊಳ್ಳಲಿಲ್ಲ. ಕಣ್ಣು ಗುಳಿ ಬಿತ್ತು. ಫೋನಿನ ಮುಂದೆ ಕುಪ್ಪಳಿಸುವಾಗ ಗೋಡೆ ಹಿಡಿದು ನಿಲ್ಲುವುದು ಶುರುವಾಯಿತು.

"ಸೊಂಟ ಸಡಿಲಾಗಲಿ ಕಣೇ. ಆ ದಿನ ನೀನು ಹಾಕಿದಷ್ಟು ತಿಂತೀನಿ, ಎದುರು ಮಾತಾಡಲ್ಲ," ಎಂದ.

ಆ ಮಾತು ಅವಳ ತಲೆಯಲ್ಲಿ ಕೂತುಬಿಟ್ಟಿತು. ಶನಿವಾರ ಅವನು ಕೆಲಸಕ್ಕೆ ಹೋದ ಮೇಲೆ ಅವಳು ಗೋಡೆಯ ಪ್ಯಾಂಟು ಇಳಿಸಿ ಒಳಮಗ್ಗುಲು ತಿರುಗಿಸಿದಳು. ಒಳ್ಳೆಯ ಹೊಲಿಗೆಯವರು ಪ್ಯಾಂಟಿನ ಹಿಂದುಗಡೆ, ನಡುಹೊಲಿಗೆಯ ಒಳಗೆ, ಒಂದಿಷ್ಟು ಹೆಚ್ಚು ಬಟ್ಟೆ ಮಡಿಸಿಡುತ್ತಾರೆ. ನಾಳೆ ಮೈ ಬಂದರೆ ಇರಲಿ ಅಂತ. ಗಂಡನ ಪ್ಯಾಂಟಿಗೆ ಅವಳು ಧಾರಾಳವಾಗಿಯೇ ಬಿಟ್ಟಿದ್ದಳು. ಆಗ ಅವನು ಹಂಚಿಕಡ್ಡಿಯ ಹಾಗಿದ್ದ, ಮೈ ಬರಲಿ ಎಂಬ ಆಸೆಯಿಂದಲೇ ಬಿಟ್ಟದ್ದು. ಹೊಲಿಗೆ ಬಿಚ್ಚಿ, ಎರಡು ಬೆರಳು ಬಟ್ಟೆ ಹೊರಗೆ ಬಿಟ್ಟು, ಮತ್ತೆ ಹೊಲಿದಳು. ಮಡಿಕೆಯೊಳಗಿದ್ದ ಬಟ್ಟೆ ಬಣ್ಣ ಮಾಸದೆ ಕಪ್ಪಾಗಿ ಕಂಡಿತು. ಬೆನ್ನ ಹಿಂದಿನದು ಅವನಿಗೆಲ್ಲಿ ಕಾಣುತ್ತೆ? ಇಸ್ತ್ರಿ ಹೊಡೆದು ಮೊಳೆಗೆ ಹಾಕಿದಳು. ಅವತ್ತು ಸಂಜೆ ಅವನು ಮನೆಗೆ ಬಂದು ಬೂಟು ಕೂಡ ಬಿಚ್ಚದೆ ಆ ಪ್ಯಾಂಟನ್ನೇ ನೋಡುತ್ತಾ ಬಹಳ ಹೊತ್ತು ಕೂತಿದ್ದ. ಸಿಕ್ಕಿಬಿದ್ದೆನೇನೋ ಎಂದು ಅವಳು ಹೆದರಿದಳು. ಅವನು ಎದ್ದು ಕೈಕಾಲು ತೊಳೆಯಲು ಹೋದ.

ಭಾನುವಾರ ಗುಂಡಿ ಕೂಡಿತು. ಅಬ್ಬಾ, ಆ ಸಂಭ್ರಮವೇ! ಅಮ್ಮನನ್ನು ಎಳೆದುಕೊಂಡು ಬಂದು ತೋರಿಸಿದ, ಹೆಂಡತಿಯನ್ನು ಎತ್ತಿ ತಿರುಗಿಸಲು ಹೋಗಿ ತಾನೇ ತೂರಾಡಿದ. ಕೊಟ್ಟ ಮಾತಿನಂತೆ ತಟ್ಟೆ ತುಂಬ ಅನ್ನ ಉಂಡ, ಎರಡನೇ ಸಲವೂ ಬಡಿಸಿಕೊಂಡ. ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಅವನ ದವಡೆ ಆಡುವುದನ್ನೇ ನೋಡಿದಳು. ಅಷ್ಟು ಸಂತೋಷ ಅವಳಿಗೆ ಎಷ್ಟೋ ದಿನದಿಂದ ಆಗಿರಲಿಲ್ಲ.

ಮರುದಿನ ಬೆಳಿಗ್ಗೆ ಅವನು ಕಾಫಿಯನ್ನೂ ಅರ್ಧ ಲೋಟ ಮಾಡಿದ. "ನೋಡಿದ್ಯಾ? ತಿನ್ನದೇ ಇದ್ರೇನೇ ಇಳಿಯೋದು. ಇನ್ನು ಸ್ವಲ್ಪ ಬಿಗಿ ಹಿಡಿದ್ರೆ ಬೆಲ್ಟು ಬೇಕಾಗುತ್ತೆ. ಅವತ್ತು ಮತ್ತೆ ಹೊಟ್ಟೆ ತುಂಬ ತಿಂತೀನಿ." ಸಂಜೆಯೂ ಕಂಬಳಿ ಹಾಸತೊಡಗಿದ.

ಈಗ ನಿಜ ಹೇಳಬೇಕಾಗಿತ್ತು ಅಂತ ನೀವೂ ಹೇಳಬಹುದು, ನಾನೂ ಹೇಳಬಹುದು. ಹಸಿದವನ ಮುಖ ದಿನಾ ನೋಡುವವಳಿಗೆ ಮುಂದಿನ ಒಂದು ತಟ್ಟೆ ಅನ್ನ ಬಿಟ್ಟು ಬೇರೇನೂ ಕಾಣಲಿಲ್ಲ. ಅವಳು ಮತ್ತೆ ಒಂದು ಬೆರಳು ಬಿಚ್ಚಿದಳು. ಅವನು ಒಂದು ಹೊತ್ತು ಉಂಡ. ಇನ್ನೊಂದು ಬೆರಳು, ಇನ್ನೊಂದು ಹೊತ್ತು. ಕೊನೆಗೆ ಬಿಚ್ಚಲು ಬಟ್ಟೆಯೇ ಉಳಿಯಲಿಲ್ಲ. ಆಗ ಭಾನುವಾರ ಬಂದರೆ ಭಯವಾಗತೊಡಗಿತು. ಆದರೆ ಅಷ್ಟರಲ್ಲಿ ಅವನ ಮೈಯೇ ಇಳಿದುಹೋಗಿತ್ತು. ಪ್ಯಾಂಟು ತಾನಾಗಿಯೇ ಜಾರತೊಡಗಿತು, ಅವನ ಖುಷಿಗೆ ಮಿತಿಯಿಲ್ಲದಾಯಿತು.

ಪರೀಕ್ಷೆಯ ದಿನ ಅದನ್ನೇ ಹಾಕಿಕೊಂಡ. ಬೆಲ್ಟಿಗೆ ಹೊಸ ತೂತು ಕೊರೆದುಕೊಟ್ಟವಳು ಅವಳೇ. ಬಕಲು ಬಿಗಿಯುವಾಗ ಅವಳ ಬೆರಳಿಗೆ ಅವನ ಸೊಂಟದ ಮೂಳೆ ತಾಗಿತು. ಇವತ್ತೊಂದು ದಿನ ಕಳೆದುಬಿಡಲಿ ದೇವರೇ, ನಾಳೆ ಕಾಲಿಗೆ ಬಿದ್ದಾದರೂ ನಿಜ ಹೇಳುತ್ತೇನೆ ಅಂದುಕೊಂಡಳು.

"ಒಂದು ಮೊಟ್ಟೆನಾದ್ರೂ ತಿಂದು ಹೋಗ್ರೀ."

"ಗೆದ್ದು ಬಂದು ತಿಂತೀನಿ ಬಿಡೇ. ಹೊಟ್ಟೆ ಹಗುರ ಇದ್ರೆ ಕಾಲೂ ಹಗುರ."

ಠಾಣೆಯ ಅಂಗಳದಲ್ಲಿ ಅಭ್ಯಾಸದ ಗೋಪುರವಿತ್ತು. ಏಣಿ ಹತ್ತಿ ಮೇಲಿನ ಕಿಟಕಿಯಿಂದ ಮರಳು ತುಂಬಿದ ಗೊಂಬೆಯೊಂದನ್ನು ಹೆಗಲ ಮೇಲೆ ಹೊತ್ತು ಇಳಿಯಬೇಕು. ಆ ಗೊಂಬೆಗೆ ಎಲ್ಲರೂ ತಾತ ಅನ್ನುತ್ತಿದ್ದರು. "ತಾತನ್ನ ಹುಷಾರಾಗಿ ಇಳಿಸಪ್ಪಾ, ವಯಸ್ಸಾಗಿದೆ!" ಎಂದು ಕಡ್ಡಿ ಕೂಗಿದ. ಮನೆಯವರು ಬೇಲಿಯಾಚೆ ನಿಂತು ನೋಡುತ್ತಿದ್ದರು. ಅವನು ಏಣಿ ಹತ್ತಿದ ಚುರುಕಿಗೆ ಸಾಹೇಬರೇ ಚಪ್ಪಾಳೆ ತಟ್ಟಿದರು. ಡ್ರಮ್ಮು ಅಂತ ಯಾರೂ ಅನ್ನಲಿಲ್ಲ. ಕಿಟಕಿಯಲ್ಲಿ ಗೊಂಬೆಯನ್ನು ಹೆಗಲಿಗೆ ಎಳೆದುಕೊಂಡ, ಒಂದು ಕಾಲು ಏಣಿಗೆ ಇಟ್ಟ, ಇನ್ನೊಂದು ಕಾಲೂ ಇಟ್ಟ. ಆಮೇಲೆ ಅಲ್ಲಾಡದೆ ನಿಂತ. ತಲೆ ಮೆಲ್ಲಗೆ ಏಣಿಯ ಮೆಟ್ಟಿಲಿಗೆ ಒರಗಿತು. ಕೈ ಬಿಟ್ಟಿತು.

ತಾತ ಮತ್ತು ಅವನು ಒಟ್ಟಿಗೇ ಬಿದ್ದರು.

ತೊಡೆ, ಸೊಂಟ ಎರಡೂ ಮುರಿದಿದ್ದವು. ಶಸ್ತ್ರಚಿಕಿತ್ಸೆ ಆದ ಮೇಲೆ ಡಾಕ್ಟರಮ್ಮ ಅವಳನ್ನು ಹೊರಗೆ ಕರೆದು ಹೇಳಿದರು. "ಮೂಳೆ ಕೂಡ್ಬೇಕು, ಗಾಯ ಮಾಯ್ಬೇಕು ಅಂದ್ರೆ ಇವರು ತಿನ್ಲೇಬೇಕಮ್ಮ. ಮೈಯಲ್ಲಿ ಏನೂ ಉಳಿದಿಲ್ಲ. ಹೀಗೇ ಬಾಯಿ ಮುಚ್ಕೊಂಡಿದ್ರೆ ಕೀವಾಗುತ್ತೆ, ಆಮೇಲೆ ನಮ್ಮ ಕೈಲಿ ಏನೂ ಇರಲ್ಲ."

ಅವನು ಬಾಯಿ ಮುಚ್ಚಿಕೊಂಡೇ ಇದ್ದ. ಗಂಜಿಯ ಬಟ್ಟಲು ಹಿಡಿದು ಅವಳು ಗೋಗರೆದರೆ, ಮುಖ ಆಚೆ ತಿರುಗಿಸಿ ಸಮಾಧಾನದ ಧ್ವನಿಯಲ್ಲಿ ಹೇಳಿದ. "ಮಲಗಿದಲ್ಲೇ ತಿಂದ್ರೆ ಮತ್ತೆ ಊದ್ಕೋತೀನಿ ಕಣೇ. ಎಷ್ಟು ಕಷ್ಟಪಟ್ಟು ಇಳಿಸಿದ್ದು. ಎದ್ದ ಮೇಲೆ ಮತ್ತೆ ಪರೀಕ್ಷೆ ಕೊಡ್ತೀನಿ. ನೀನೇ ನೋಡಿದ್ಯಲ್ಲ, ಪ್ಯಾಂಟು ಹೇಗೆ ಸಡಿಲಾಯ್ತು ಅಂತ."

ಅವಳು ಬಟ್ಟಲು ಕೆಳಗಿಟ್ಟಳು. ಆಸ್ಪತ್ರೆಯವರು ಕತ್ತರಿಸಿ ತೆಗೆದ ಬಟ್ಟೆಗಳ ಚೀಲ ಮಂಚದ ಕೆಳಗಿತ್ತು. ಪ್ಯಾಂಟನ್ನು ತೆಗೆದು ಅವನ ಎದೆಯ ಮೇಲೆ ಹರಡಿದಳು. ಮುಂದುಗಡೆ ಆಸ್ಪತ್ರೆಯ ಕತ್ತರಿ ಹಾದಿದ್ದರೂ ಹಿಂದಿನ ಹೊಲಿಗೆ ಹಾಗೇ ಇತ್ತು. ಮಾಸದ ಕಪ್ಪು ಬಟ್ಟೆಯ ಪಟ್ಟಿ, ಅದರ ಮೇಲೆ ಒಂದರ ಪಕ್ಕ ಒಂದು ಸೂಜಿತೂತಿನ ಗೆರೆಗಳು.

"ಅದು ನೀವು ಇಳಿದಿದ್ದಲ್ಲ ರೀ. ನಾನು ಬಿಚ್ಚಿದ್ದು. ನೀವು ತಿನ್ಲಿ ಅಂತ."

ಅವನು ಒಂದೊಂದು ಗೆರೆಯ ಮೇಲೂ ಬೆರಳಾಡಿಸಿದ.

"ಮೊದಲ್ನೇ ಸಲ ಯಾವಾಗ?"

"ಶನಿವಾರ. ನೀವು ಬೂಟು ಬಿಚ್ಚದೆ ಕೂತಿದ್ರಲ್ಲ, ಅವತ್ತು."

"ಅವತ್ತು ನಾನು ಸಾಹೇಬ್ರಿಗೆ ಹೇಳಿ ಬಂದಿದ್ದೆ," ಎಂದ. "ಇದು ನನ್ನ ಕೈಲಾಗಲ್ಲ, ಗೇಟಿಗೇ ಹಾಕ್ಬಿಡಿ ಅಂತ. ನಿಂಗೆ ಹೇಗೆ ಹೇಳೋದು ಅಂತ ಕೂತಿದ್ದೆ. ಭಾನುವಾರ ಗುಂಡಿ ಕೂಡ್ತು. ಸೋಮವಾರ ಹೋಗಿ, ಗೇಟು ಬೇಡ ಸಾರ್, ಏಣಿ ಹತ್ತುತ್ತೀನಿ ಅಂದೆ."

ಅವಳು ಕೆಳಗಿಟ್ಟಿದ್ದ ಬಟ್ಟಲು ಎತ್ತಿಕೊಂಡಳು. ಚಮಚ ತುಂಬಿ ಅವನ ತುಟಿಯ ಹತ್ತಿರ ಹಿಡಿದಳು. "ಬೈಯಿರಿ, ಹೊಡೀರಿ, ಏನಾದ್ರೂ ಮಾಡಿ. ಇದೊಂದು ತಿನ್ರೀ." ಅವನು ಅವಳ ಮುಖ ನೋಡಿದ, ಚಮಚ ನೋಡಿದ, ತುಟಿ ಬಿಚ್ಚಲಿಲ್ಲ. ಗಂಜಿ ಆರಿ ಕೆನೆಗಟ್ಟಿತು.

ಮಧ್ಯಾಹ್ನ ಅವಳು ಮನೆಗೆ ಓಡಿ, ಅತ್ತೆಯ ಕೈಲಿ ಮೆತ್ತಗೆ ಅನ್ನ ಮಾಡಿಸಿ, ಡಬ್ಬಿಯಲ್ಲಿ ತಂದಳು. ಅಷ್ಟರಲ್ಲಿ ನರ್ಸೊಬ್ಬಳು ಆಸ್ಪತ್ರೆಯ ಊಟದ ತಟ್ಟೆ ಹಿಡಿದು ಅವನ ಪಕ್ಕ ಕೂತಿದ್ದಳು. ಹೊಲಿಗೆಯವಳು ಡಬ್ಬಿ ಎತ್ತಿಕೊಂಡು ಬಾಗಿಲಲ್ಲೇ ನಿಂತಳು.

"ಸಿಸ್ಟರ್, ಇದು ಇಲ್ಲಿ ಮಾಡಿದ್ದಾ, ಮನೆಯಿಂದ ಬಂದಿದ್ದಾ?" ಎಂದು ಅವನು ಕೇಳಿದ.

"ಇಲ್ಲೀದೇ. ಯಾಕೆ?"

ಅವನು ಬಾಯಿ ತೆರೆದ. ತಟ್ಟೆಯಲ್ಲಿದ್ದದ್ದನ್ನೆಲ್ಲ ತಿಂದ.