ಹೇಳದೆ ಬಿಟ್ಟ ಸಾಲು

ಗಾಜಿನ ಅಂಗಡಿಯ ಮೇಸ್ತ್ರಿ ಕಿಟಕಿಯ ಚೌಕಟ್ಟಿಗೆ ಉಳಿ ಹಚ್ಚಿ, ಗಾಜನ್ನು ಹಿಡಿದಿಟ್ಟಿದ್ದ ಒಣಗಿದ ಪುಟ್ಟಿಯನ್ನು ಕೆರೆದು ತೆಗೆಯುತ್ತಿದ್ದ. ದಿಂಬಿನಕ್ಕ ಸತ್ತ ಗಂಡನ ತಲೆಯ ಹತ್ತಿರ ಸ್ಟೂಲು ಎಳೆದುಕೊಂಡು ಕೂತು ಮೇಸ್ತ್ರಿಯ ಕೈಯನ್ನೇ ನೋಡುತ್ತಿದ್ದಳು. ಕೈ ಇನ್ನೂ ಗಟ್ಟಿಯಾಗಿತ್ತು, ಹತ್ತು ಬೆರಳೂ ಹೇಳಿದ ಮಾತು ಕೇಳುತ್ತಿದ್ದವು.

ಶವಪೆಟ್ಟಿಗೆ ಹೊರಗೆ ಹೋಗಲು ಬೇರೆ ದಾರಿ ಇರಲಿಲ್ಲ. ಬಡಗಿ ಸತ್ತವನ ಅಳತೆ ತೆಗೆದುಕೊಂಡಿದ್ದನೇ ಹೊರತು ಮನೆಯ ಅಳತೆ ತೆಗೆದುಕೊಂಡಿರಲಿಲ್ಲ. ಬೆಳಿಗ್ಗೆ ಖಾಲಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಬಾಗಿಲಿಂದ ಮುಂದಿನ ಕೋಣೆಗೆ ಬರುವ ಇಕ್ಕಟ್ಟಿನ ತಿರುವು ಹೇಗೋ ದಾಟಿಸಿದ್ದರು. ಈಗ ಒಳಗೆ ಮನುಷ್ಯ ಮಲಗಿದ್ದಾನೆ, ನಿಲ್ಲಿಸುವ ಹಾಗಿಲ್ಲ. ಉಳಿದದ್ದು ಬೀದಿಯ ಕಡೆಯ ದೊಡ್ಡ ಕಿಟಕಿ ಒಂದೇ.

"ಬದುಕಿದ್ದಾಗಲೂ ಅಷ್ಟೇ, ಸುಲಭಕ್ಕೆ ಮನೆ ಬಿಟ್ಟು ಹೊರಡೋ ಆಸಾಮಿ ಅಲ್ಲ," ಎಂದಳು ಪಕ್ಕದ ಮನೆಯಾಕೆ. ಯಾರೋ ನಕ್ಕು, ತಟ್ಟನೆ ಬಾಯಿಗೆ ಸೆರಗು ಒತ್ತಿಕೊಂಡರು. ದಿಂಬಿನಕ್ಕನಿಗೆ ಕೋಪ ಬರಲಿಲ್ಲ. ಮಾತು ನಿಜವೇ ಆಗಿತ್ತು.

ಮಗಳು ಗಾಜಿನ ಅಂಗಡಿಗೆ ಫೋನ್ ಮಾಡಿ ಆಳು ಕಳಿಸಿ ಅಂದಿದ್ದಳು. ಬಂದದ್ದು ಮೇಸ್ತ್ರಿಯೇ, ಒಬ್ಬನೇ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಸತ್ತವನ ಬಲಗೈ ಕೆಲಸಕ್ಕೆ ಬಾರದೆ ಹೋದದ್ದು ಈ ಮೇಸ್ತ್ರಿಯಿಂದ ಎಂಬುದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅವನು ಒಳಗೆ ಬಂದಾಗ ಯಾರೂ ಕುರ್ಚಿ ತೋರಿಸಲಿಲ್ಲ.

ಪುಟ್ಟಿ ಪೂರ್ತಿ ಬಿಟ್ಟ ಮೇಲೆ ಅವನು ತಿರುಗಿದ. "ಇನ್ನೊಂದು ಕಡೆ ಹಿಡಿಯೋಕೆ ಒಬ್ಬರು ಬೇಕು."

ಅಳಿಯ ಅಂಗಿಯ ತೋಳು ಮಡಚಿಕೊಂಡು ಮುಂದೆ ಬಂದ. ಅಷ್ಟರಲ್ಲಿ ದಿಂಬಿನಕ್ಕ ಎದ್ದಿದ್ದಳು. "ನಾನು ಹಿಡೀತೀನಿ."

"ಅಮ್ಮಾ, ಸುಮ್ನೆ ಕೂತ್ಕೋ. ನಿನಗ್ಯಾಕೆ ಇವತ್ತು ಇದೆಲ್ಲ?" ಎಂದಳು ಮಗಳು.

"ಹಾಸಿಗೆ ಎತ್ತಿ ಎತ್ತಿ ಗಟ್ಟಿಯಾಗಿರೋ ಕೈ ಕಣೇ ಇದು. ಗಾಜು ಅದಕ್ಕಿಂತ ಭಾರ ಇದ್ದೀತಾ?"

ಊರಿನ ಅರ್ಧ ಜನ ತಲೆ ಇಟ್ಟು ಮಲಗುವ ದಿಂಬು ಅವಳು ಹೊಲಿದದ್ದು, ಹಾಸಿಗೆಗಳೂ ಅವಳವೇ. ಗಂಡನ ತಲೆಯ ಕೆಳಗೆ ಈಗ ಇದ್ದ ಪುಟ್ಟ ದಿಂಬನ್ನೂ ನಿನ್ನೆ ಅವಳೇ ಹೊಲಿದಿದ್ದಳು. ಅವಳು ಸೆರಗು ಸಿಕ್ಕಿಸಿಕೊಂಡು ಗಾಜಿನ ಅಂಚಿಗೆ ಕೈ ಕೊಟ್ಟಳು.

"ಕೈ ಜಾರೋ ಹಾಗಾದ್ರೆ ಮೊದಲು ಕೂಗಿ," ಎಂದ ಮೇಸ್ತ್ರಿ, ಅಭ್ಯಾಸದ ಮೇಲೆ. ಅಂದ ಮೇಲೆ ಅವನ ಮುಖದಲ್ಲಿ ರಕ್ತ ಉಳಿಯಲಿಲ್ಲ.

"ನಾನು ಕೂಗ್ತೀನಿ," ಎಂದಳು ದಿಂಬಿನಕ್ಕ. ಆ 'ನಾನು' ಎಲ್ಲರಿಗೂ ಕೇಳಿಸಿತು.

ಇಬ್ಬರೂ ಗಾಜನ್ನು ಇಳಿಸಿ, ಗೋಡೆಯ ಬುಡದಲ್ಲಿ ಕಂಬಳಿ ಹಾಸಿ ಒರಗಿಸಿದರು. ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಾ, ಅವಳಿಗಷ್ಟೇ ಕೇಳುವ ಹಾಗೆ ಕೇಳಿದ: "ಅತ್ತಿಗೆ, ಅವನು ಹೋಗೋ ಮುಂಚೆ ನನ್ನ ಬಗ್ಗೆ ಏನಾದ್ರೂ ಹೇಳಿದ್ನಾ?"

"ಇಲ್ಲ," ಎಂದಳು. ಅವನು ತಲೆ ಆಡಿಸಿ ಉಳಿಯನ್ನು ಚೀಲಕ್ಕೆ ಹಾಕಿಕೊಂಡ. ಹೇಳಿದ್ದು ಸುಳ್ಳೇನಲ್ಲ, ಆದರೆ ಪೂರ್ತಿ ಮಾತೂ ಅಲ್ಲ.

*

ಗಾಜಿನ ಅಂಗಡಿಯಲ್ಲಿ ದೊಡ್ಡ ಹಾಳೆಯನ್ನು ಯಾವಾಗಲೂ ಇಬ್ಬರು ಎತ್ತಬೇಕು. ಒಬ್ಬನ ಹಿಡಿತ ತಪ್ಪಿದರೆ ಅವನು ಮೊದಲು ಕೂಗಬೇಕು, ಆಮೇಲೆ ಬಿಡಬೇಕು. ಕೂಗು ಕೇಳಿದ ಕೂಡಲೇ ಇನ್ನೊಬ್ಬನೂ ಕೈಬಿಟ್ಟು ಹಿಂದಕ್ಕೆ ಹಾರಬೇಕು. ಗಾಜು ಹೋದರೆ ಹೋಗಲಿ, ಮನುಷ್ಯ ಉಳಿಯಬೇಕು. ಕೆಲಸಕ್ಕೆ ಸೇರಿದವನಿಗೆ ಮೊದಲ ದಿನ ಕಲಿಸುವುದು ಇಷ್ಟೇ.

ಆಗ ಮೇಸ್ತ್ರಿ, ದಿಂಬಿನಕ್ಕನ ಗಂಡ ಇಬ್ಬರೂ ಆ ಅಂಗಡಿಯಲ್ಲಿ ಕೆಲಸಕ್ಕಿದ್ದ ಹೊಸ ಪ್ರಾಯದವರು, ಒಂದೇ ಡಬ್ಬಿಯಲ್ಲಿ ಊಟ ಮಾಡುತ್ತಿದ್ದವರು. ಒಂದು ದಿನ ಮೇಸ್ತ್ರಿ ಕೂಗದೆ ಕೈಬಿಟ್ಟ. ಹಾಳೆಯ ಪೂರ್ತಿ ಭಾರ ಗೆಳೆಯನ ಮೇಲೆ ಬಂದು, ಗಾಜು ಮುರಿದು, ಬಲಗೈಯ ನರಗಳನ್ನು ಕತ್ತರಿಸಿ ಹಾಕಿತು. ಯಜಮಾನ ಬಂದು ಕೇಳಿದಾಗ ಮೇಸ್ತ್ರಿ, "ನಾನು ಕೂಗಿದೆ, ಅವನ ಗಮನ ಎಲ್ಲೋ ಇತ್ತು," ಎಂದ. ತಪ್ಪು ಗಾಯಗೊಂಡವನ ತಲೆಗೇ ಬಂತು, ಕೆಲಸವೂ ಹೋಯಿತು.

ಗಾಯ ಮಾಯಿತು, ಬೆರಳುಗಳು ಮತ್ತೆ ಮಡಚಲಿಲ್ಲ. ಅವನು ಎಡಗೈಯಲ್ಲೇ ಬರೆಯುವುದು, ಗಡ್ಡ ಹೆರೆಯುವುದು, ಬೀಗ ತೆಗೆಯುವುದು ಎಲ್ಲ ಕಲಿತ. ಚರ್ಚಿನಲ್ಲಿ ಬಾಗಿಲು ಕಾಯುವ ಕೆಲಸ ಸಿಕ್ಕಿತು. ಬಂದವರಿಗೆಲ್ಲ ಎಡಗೈ ಚಾಚಿ ಕೈಕುಲುಕುತ್ತಿದ್ದುದರಿಂದ ಊರಿಗೆಲ್ಲ ಎಡಗೈಯಣ್ಣನಾದ. ಮಕ್ಕಳು ಅವನನ್ನು ಕಂಡರೆ ತಾವೂ ಎಡಗೈಯನ್ನೇ ಮುಂದೆ ಮಾಡುತ್ತಿದ್ದರು. ಅಂಗಿಯ ಗುಂಡಿ ಮಾತ್ರ ಅವನಿಗೆ ಕೊನೆಯವರೆಗೂ ಒಗ್ಗಲಿಲ್ಲ. ಅದನ್ನು ದಿನಾ ಬೆಳಿಗ್ಗೆ ದಿಂಬಿನಕ್ಕ ಹಾಕುತ್ತಿದ್ದಳು, ಹಾಕುವಾಗಲೆಲ್ಲ ಮನಸ್ಸಿನಲ್ಲಿ ಮೇಸ್ತ್ರಿಗೆ ಮಂಗಳಾರತಿ ಎತ್ತುತ್ತಿದ್ದಳು.

ಮಗಳು ಶಾಲೆಗೆ ಹೋಗುವಷ್ಟು ದೊಡ್ಡವಳಾದ ಹೊತ್ತಿಗೆ ಮೇಸ್ತ್ರಿ ಒಂದು ದಿನ ಮನೆಗೆ ಬಂದ. ಚಾಪೆಯ ಮೇಲೆ ಕೂರದೆ ನೆಲದ ಮೇಲೆ ಕೂತು, "ನಾನು ಕೂಗಿರಲಿಲ್ಲ," ಎಂದ. "ನಾಳೆ ಅಂಗಡೀಲಿ ಎಲ್ಲರ ಮುಂದೆ ಹೇಳ್ತೀನಿ. ನೀನು ನನ್ನ ಕ್ಷಮಿಸಬೇಕು."

ಎಡಗೈಯಣ್ಣ ತಾನೂ ಬಂದು ಅವನೆದುರು ನೆಲದ ಮೇಲೆ ಕೂತ. "ಕ್ಷಮಿಸಿದೆ ಅಂತ ಈಗಲೇ ಅಂದ್ರೆ ಅದು ಬಾಯಿಮಾತಾಗುತ್ತೆ. ಪ್ರಾರ್ಥನೆ ಮಾಡ್ತೀನಿ. ಆದಾಗ ಹೇಳ್ತೀನಿ."

ಮೇಸ್ತ್ರಿ ಹೇಳಿದ ಹಾಗೆ ಮರುದಿನ ಎಲ್ಲರ ಮುಂದೆ ನಿಂತು ನಿಜ ಹೇಳಿದ. ಅಂದಿನಿಂದ ಪ್ರತಿ ಭಾನುವಾರ ಗಂಡಹೆಂಡಿರ ಹಿಂದಿನ ಬೆಂಚಿನಲ್ಲಿ ಕೂರತೊಡಗಿದ. ಸಭೆಯೆಲ್ಲ ಒಟ್ಟಿಗೆ ಹೇಳುವ ಪ್ರಾರ್ಥನೆಯಲ್ಲಿ, ನಮಗೆ ತಪ್ಪು ಮಾಡಿದವರನ್ನು ನಾವು ಮನ್ನಿಸಿದ ಹಾಗೆ ನಮ್ಮನ್ನೂ ಮನ್ನಿಸು ಎಂದು ಕೇಳಿಕೊಳ್ಳುವ ಸಾಲೊಂದು ಇದೆ. ಆ ಸಾಲು ಬಂದಾಗ ಎಡಗೈಯಣ್ಣ ಬಾಯಿ ಮುಚ್ಚುತ್ತಿದ್ದ, ಅದು ದಾಟಿದ ಮೇಲೆ ಮತ್ತೆ ಸೇರಿಕೊಳ್ಳುತ್ತಿದ್ದ. ದೇವರ ಮುಂದೆ ಸುಳ್ಳು ಹೇಳಬಾರದು ಎಂಬುದು ಅವನ ಲೆಕ್ಕ. ಹಿಂದಿನ ಬೆಂಚಿನಲ್ಲಿ ಮೇಸ್ತ್ರಿ ಕಿವಿಗೊಟ್ಟು ಕಾಯುತ್ತಿದ್ದ.

*

ಕಿಟಕಿಯಿಂದ ಹೊರಬಂದ ಪೆಟ್ಟಿಗೆ ಬೀದಿ ದಾಟಿ ಚರ್ಚು ತಲುಪಿತು. ಎಡಗೈಯಣ್ಣ ದಿನಾ ಕಿಟಕಿ ತೆಗೆಯುತ್ತಿದ್ದ ಜಾಗ ಅದು, ಗುರುವಾರ ಕಿಟಕಿ ತೆಗೆಯುತ್ತಲೇ ಕುಸಿದು ಬಿದ್ದ ಜಾಗವೂ ಅದೇ. ದಿಂಬಿನಕ್ಕ ಮುಂದಿನ ಸಾಲಿನಲ್ಲಿ ಮೊಣಕಾಲೂರಿದಳು.

ಮೇಸ್ತ್ರಿಗೆ ಅವಳು ಹೇಳದೆ ಉಳಿಸಿಕೊಂಡದ್ದು ಎದೆಯ ಮೇಲೆ ಕೂತಿತ್ತು. ಅದು ಅವಳೊಬ್ಬಳಿಗೇ ಗೊತ್ತಿದ್ದ ಸಂಗತಿ. ಅವಳು ಹೇಳದಿದ್ದರೆ ಇಂದು ಅದೂ ಮಣ್ಣಿಗೆ ಹೋಗುತ್ತದೆ, ಮೇಸ್ತ್ರಿ ಉಳಿದ ಆಯುಷ್ಯವನ್ನೆಲ್ಲ ಹಿಂದಿನ ಬೆಂಚಿನಲ್ಲೇ ಕಳೆಯುತ್ತಾನೆ.

*

ಮಗಳ ಮದುವೆಯಾದ ವರ್ಷ. ದಿಂಬಿನಕ್ಕ ಹತ್ತಿ ತುಂಬುತ್ತಾ ಕೂತಿದ್ದಳು. ಎಡಗೈಯಣ್ಣ ಬೆಳಗಿನ ಪ್ರಾರ್ಥನೆ ಮುಗಿಸಿ ಬಂದು ಎದುರಿಗೆ ಕೂತ. ಮುಖ ತೊಳೆದವನ ಹಾಗೆ ಕಾಣುತ್ತಿದ್ದ.

"ಇವತ್ತು ಆ ಸಾಲು ಬಾಯಿಗೆ ಬಂತು ಕಣೇ. ಏನೂ ಅಡ್ಡ ಬರಲಿಲ್ಲ. ಮೇಸ್ತ್ರಿ ನೆನಪಾದ, ಹೊಟ್ಟೆ ಉರೀಲಿಲ್ಲ. ಪಾಪ, ಅವನಿಗೂ ವಯಸ್ಸಾಯ್ತು ಅನ್ನಿಸ್ತು, ಅಷ್ಟೇ."

ಅವಳು ಸೂಜಿ ಕೆಳಗಿಟ್ಟಳು. "ನಿಮಗೆ ಬಂದಿರಬಹುದು. ನನಗೆ ಬಂದಿಲ್ಲ. ಇಷ್ಟು ವರ್ಷ ಗುಂಡಿ ಹಾಕಿದೋಳು ನಾನು. ನೀವೊಬ್ಬರೇ ದೊಡ್ಡ ಮನುಷ್ಯರಾಗಿ ಎಲ್ಲ ಬಿಟ್ಟುಕೊಟ್ರೆ ನಾನೇನಾಗಬೇಕು?"

ಅವನು ಅವಳನ್ನೇ ನೋಡಿದ. ಜಗಳ ಮಾಡಲಿಲ್ಲ, ಬುದ್ಧಿ ಹೇಳಲಿಲ್ಲ. "ಸರಿ. ನಿನ್ನ ಬಿಟ್ಟು ನಾನೊಬ್ನೇ ಹೇಗೆ ಹೇಳಲಿ? ಆ ಸಾಲನ್ನ ಇಬ್ರೂ ಒಟ್ಟಿಗೆ ಹೇಳೋಣ. ಅಲ್ಲೀವರೆಗೂ ಅವನಿಗೂ ಹೇಳಲ್ಲ."

ಭಾನುವಾರ ಆ ಸಾಲು ಬಂದಾಗ ಅವನು ಎಂದಿನಂತೆ ಬಾಯಿ ಮುಚ್ಚಿದ. ಹಿಂದಿನ ಬೆಂಚಿನಲ್ಲಿ ಮೇಸ್ತ್ರಿ ನಿಟ್ಟುಸಿರು ಬಿಟ್ಟದ್ದು ಅವಳಿಗೆ ಕೇಳಿಸಿತು. ಕೇಳಿ ಹಿತವೆನಿಸಿತು.

ಆಮೇಲೆ ಪ್ರತಿ ಶನಿವಾರ ಸಂಜೆ ಅವನು ಕೇಳುತ್ತಿದ್ದ, ಪೇಟೆಗೆ ಹೋಗಿ ಬರೋಣವಾ ಎಂದು ಕೇಳುವಷ್ಟೇ ಸಲೀಸಾಗಿ: "ನಾಳೆ ಹೇಳೋಣವಾ?"

ಅವಳು ತಲೆ ಅಲ್ಲಾಡಿಸುತ್ತಿದ್ದಳು. ಅವನು ಬೇಜಾರು ಮಾಡಿಕೊಳ್ಳದೆ ಎದ್ದು ಹೋಗುತ್ತಿದ್ದ. ಕಳೆದ ಶನಿವಾರವೂ ಕೇಳಿದ್ದ. ಅವಳು ಹೊಲಿಗೆಯಿಂದ ತಲೆಯನ್ನೂ ಎತ್ತಿರಲಿಲ್ಲ.

*

ಇಷ್ಟು ವರ್ಷ ಅವಳು ಒಂದೇ ಪ್ರಾರ್ಥನೆ ಮಾಡಿದ್ದಳು: ಮೇಸ್ತ್ರಿಯನ್ನು ಕ್ಷಮಿಸುವ ಮನಸ್ಸು ಕೊಡು. ನಾಲಿಗೆ 'ಕೊಡು' ಅನ್ನುತ್ತಿತ್ತು, ಒಳಗೆ ಅವಳೇ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿರುತ್ತಿದ್ದಳು. ಪಾದ್ರಿಗಳು ಸತ್ತವನ ಗುಣಗಾನ ಮಾಡುತ್ತಿರುವಾಗ ಅವಳು ಕಣ್ಣು ಮುಚ್ಚಿ ಬೇರೆಯದೇ ಮಾತು ಶುರು ಮಾಡಿದಳು.

'ಇವರ ಬಾಯಿ ಮುಚ್ಚಿಸಿದ್ದು ನಾನು. ಆ ಮನುಷ್ಯನನ್ನ ಕಾಯಿಸಿದ್ದೂ ನಾನು. ಒಂದು ಸಲ ಸುಳ್ಳು ಹೇಳಿದ ಅಂತ ಅವನನ್ನ ಇಷ್ಟು ವರ್ಷ ಹಿಡಿದೆ, ನಾನು ವಾರವಾರ ಮಾಡಿದ್ದಕ್ಕೆ ಏನನ್ನೋಣ? ಸ್ವಾಮೀ, ಮೊದಲು ನನ್ನ ಮನ್ನಿಸು. ಅವನಿಗೆ ಹೇಳೋ ಕೆಲಸ ನಾನು ಮಾಡ್ತೀನಿ.'

ಅವಳು ಕಾದಳು. ಬೆಳಕೇನೂ ಇಳಿಯಲಿಲ್ಲ, ಮೊಣಕಾಲು ನೋಯುತ್ತಿತ್ತು. ಆದರೆ ಮಗಳ ಭುಜ ಹಿಡಿದು ಎದ್ದಾಗ, ಮದುವೆಯಾದಂದಿನಿಂದ ಮನೆಯವರೆಲ್ಲ ಬಲ್ಲ ಅವಳ ಹಟ ಅವಳ ಜೊತೆಗೇ ಎದ್ದಿತು. ಈ ಸಲ ಅದು ಬೇರೆ ಕಡೆಗೆ ಮುಖ ಮಾಡಿತ್ತು.

ಸಮಾಧಿಯ ಹತ್ತಿರ ಪೆಟ್ಟಿಗೆಯ ಕೆಳಗೆ ಹಗ್ಗ ಹಾಯಿಸುತ್ತಿದ್ದಾಗ ಅವಳು ಗುಂಪಿನ ಹಿಂದೆ ನಿಂತಿದ್ದ ಮೇಸ್ತ್ರಿಯನ್ನು ಕರೆದಳು. "ತಲೆ ಕಡೆ ಹಗ್ಗ ನೀವು ಹಿಡೀರಿ."

"ಅವರ ಕೈಗಾ?" ಮಗಳು ಕಿವಿಯಲ್ಲಿ ಉಸುರಿದಳು. "ಅಮ್ಮಾ, ಜನ ಏನಂತಾರೆ?"

"ಅನ್ನಲಿ. ನಾನು ಹೇಳೋದು ಕೇಳಿದ ಮೇಲೆ ಅನ್ನೋಕೆ ಇನ್ನೂ ಬೇಕಾದಷ್ಟು ಸಿಗುತ್ತೆ."

ನಾಲ್ವರು ಪೆಟ್ಟಿಗೆಯನ್ನು ಎತ್ತಿ ಗುಂಡಿಯ ಮೇಲೆ ತಂದರು. ಪಾದ್ರಿಗಳು ಪ್ರಾರ್ಥನೆ ಆರಂಭಿಸಿದರು, ಎಲ್ಲರೂ ಸೇರಿಕೊಂಡರು. ಆ ಸಾಲು ಹತ್ತಿರ ಬಂತು. ದಿಂಬಿನಕ್ಕ ಬಾಯಿ ತೆರೆದಳು. ಧ್ವನಿ ಹೊರಡಲಿಲ್ಲ. ಸಾಲು ಅವಳನ್ನು ದಾಟಿ ಮುಂದೆ ಹೋಯಿತು.

"ನಿಲ್ಲಿ," ಎಂದಳು.

ಪಾದ್ರಿಗಳು ನಿಂತರು. ಜನ ಅಲ್ಲೊಬ್ಬರು ಇಲ್ಲೊಬ್ಬರು ತಡವರಿಸಿ ನಿಂತರು. ಪೆಟ್ಟಿಗೆ ಹಗ್ಗದ ಮೇಲೆ ತೂಗುತ್ತಿತ್ತು.

"ಮೇಸ್ತ್ರಿ, ಬೆಳಿಗ್ಗೆ ನೀವು ಕೇಳಿದ್ದಕ್ಕೆ ನಾನು ಪೂರ್ತಿ ಹೇಳಲಿಲ್ಲ. ಇವರು ನಿಮ್ಮನ್ನ ಕ್ಷಮಿಸಿ ವರ್ಷಗಳಾದವು. ಮಗಳ ಮದುವೆ ವರ್ಷವೇ ಕ್ಷಮಿಸಿದ್ರು. ನಿಮಗೆ ಹೇಳೋಕೆ ನಾನೇ ಬಿಡಲಿಲ್ಲ. ನನಗೆ ಮನಸ್ಸು ಬರಲಿಲ್ಲ ಅಂತ, ನನಗೋಸ್ಕರ ಬಾಯಿ ಮುಚ್ಕೊಂಡಿದ್ರು. ಇಬ್ರೂ ಒಟ್ಟಿಗೆ ಹೇಳೋಣ ಅಂತ ಕಾದ್ರು. ಕಾದು ಕಾದು ಹೋದ್ರು."

ಮೇಸ್ತ್ರಿ ಹಗ್ಗ ಹಿಡಿದು ಹಾಗೇ ನಿಂತಿದ್ದ. "ಅಷ್ಟು ವರ್ಷ," ಎಂದ. ಮತ್ತೆ ಅದನ್ನೇ ಅಂದ. ಅವನ ಮುಖದಲ್ಲಿ ಸಂತೋಷವಿರಲಿಲ್ಲ, ಕೋಪ ಏರುತ್ತಿತ್ತು. ಅದಕ್ಕೆ ಕಾರಣವಿತ್ತು ಎಂದು ದಿಂಬಿನಕ್ಕನಿಗೂ ಗೊತ್ತಿತ್ತು.

"ಹೌದು. ಈಗ ನಾನು ಕೇಳ್ತೀನಿ. ನನ್ನ ಕ್ಷಮಿಸಿ."

"ನನ್ನಿಂದ ಈಗಲೇ ಆಗುತ್ತೋ ಇಲ್ವೋ ಗೊತ್ತಿಲ್ಲ ಅತ್ತಿಗೆ."

"ಆಗದಿದ್ರೆ ಬೇಡ. ನಾನು ಪ್ರತಿ ಶನಿವಾರ ನಿಮ್ಮ ಮನೆಗೆ ಬಂದು ಕೇಳ್ತೀನಿ. ಕೇಳೋದು ಹೇಗೆ ಅಂತ ಇವರು ಚೆನ್ನಾಗಿ ತೋರಿಸಿಕೊಟ್ಟಿದ್ದಾರೆ."

ಕಾಲಿನ ಕಡೆ ಹಗ್ಗ ಹಿಡಿದಿದ್ದ ಬಡಗಿ ಮೆಲ್ಲಗೆ, "ತಾಯಿ, ಸ್ವಲ್ಪ ಬೇಗ ಮುಗಿಸಿ, ತೋಳು ಬಿದ್ದುಹೋಗ್ತಿದೆ," ಎಂದ.

"ಪಾದ್ರಿಗಳೇ, ಮೊದಲಿಂದ ಹೇಳಿ," ಎಂದಳು ದಿಂಬಿನಕ್ಕ.

ಪ್ರಾರ್ಥನೆ ಮತ್ತೆ ಶುರುವಾಯಿತು. ಆ ಸಾಲು ಬಂದಾಗ ಜನ ಯಾಕೋ ಧ್ವನಿ ತಗ್ಗಿಸಿದರು. ಅವಳ ಒಡಕು ಧ್ವನಿ ಒಂದೇ ಮೇಲೆ ಉಳಿಯಿತು. ನಡುವೆ ಒಮ್ಮೆ ತಡವರಿಸಿ, ಸಾಲಿನ ಮೊದಲಿಂದ ಮತ್ತೆ ಹಿಡಿದು ಪೂರ್ತಿ ಹೇಳಿದಳು. ಹೇಳಿದ್ದು ನಿಜ ಎಂದು ಅವಳಿಗೆ ಗೊತ್ತಾಯಿತು. ಮೇಸ್ತ್ರಿಯ ತುಟಿ ಅಲುಗಿದ್ದು ಕಾಣಿಸಿತು, ಧ್ವನಿ ಬಂತೋ ಇಲ್ಲವೋ ಕೇಳಿಸಲಿಲ್ಲ.

ಪೆಟ್ಟಿಗೆ ಮೆಲ್ಲಗೆ ಇಳಿದು ತಳ ಮುಟ್ಟಿತು. ಮೂವರು ಹಗ್ಗ ಬಿಟ್ಟು ಹಿಂದೆ ಸರಿದರು. ಮೇಸ್ತ್ರಿ ಬಿಡಲಿಲ್ಲ. ಮುಷ್ಟಿಗಳೆರಡೂ ಹಗ್ಗವನ್ನು ಕಚ್ಚಿ ಹಿಡಿದಿದ್ದವು, ಗೆಣ್ಣುಗಳು ಬಿಳುಚಿದ್ದವು, ಅಂಗಿಯ ಮುಂಭಾಗ ಕಣ್ಣೀರಿನಲ್ಲಿ ನೆನೆದಿತ್ತು. ಯಾರೋ ಅವನ ಹೆಸರು ಹಿಡಿದು ಕರೆದರು, ಅವನಿಗೆ ಕೇಳಿಸಲಿಲ್ಲ.

ದಿಂಬಿನಕ್ಕ ಮಣ್ಣಿನ ಗುಡ್ಡೆಯನ್ನು ಸುತ್ತಿ ಅವನ ಬಳಿಗೆ ಹೋದಳು. ಅವನ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ತೆಗೆದುಕೊಂಡು, ಬೆರಳುಗಳನ್ನು ಒಂದೊಂದಾಗಿ ಹಗ್ಗದಿಂದ ಬಿಡಿಸತೊಡಗಿದಳು.