ಹಿತ್ತಲ ಮಣ್ಣು ಬಿಟ್ಟ ಸೊಪ್ಪಜ್ಜಿ

ಗುಬ್ಬಿಗೆ ಐದು ವರ್ಷ ತುಂಬಿತ್ತು. ಆದರೂ ಹತ್ತರವರೆಗೆ ಎಣಿಸು ಎಂದರೆ ಆರಕ್ಕೇ ನಿಂತುಬಿಡುತ್ತಿದ್ದಳು. ನಿನ್ನೆ ಹೇಳಿಕೊಟ್ಟ ಹಾಡು ಇವತ್ತಿಗೆ ಮರೆತಿರುತ್ತಿತ್ತು. ಆಗಾಗ ಹೊಟ್ಟೆನೋವು, ಸುಮ್ಮಸುಮ್ಮನೆ ಸಿಡುಕು, ಮುಖವೆಲ್ಲ ಬಿಳಿಚಿಕೊಂಡಿತ್ತು. ಅವಳ ಅಮ್ಮ ಮನೆಯ ಮುಂದಿನ ಕೋಣೆಯಲ್ಲೇ ಇಸ್ತ್ರಿ ಅಂಗಡಿ ಇಟ್ಟುಕೊಂಡಿದ್ದಳು. ಬಟ್ಟೆ ಕೊಡಲು ಬಂದವರು ಮಗುವನ್ನು ನೋಡಿ ಒಂದೊಂದು ಮಾತು ಹೇಳುತ್ತಿದ್ದರು. ಹೊಟ್ಟೆಯಲ್ಲಿ ಹುಳ ಇರಬೇಕು ಎಂದು ಕೆಲವರು, ಮುದ್ದು ಜಾಸ್ತಿಯಾಯಿತು ಎಂದು ಕೆಲವರು.

ಅಜ್ಜಿಗೆ ಮಾತ್ರ ಅನುಮಾನವೇ ಇರಲಿಲ್ಲ. ಮಗುವಿಗೆ ರಕ್ತ ಕಡಿಮೆಯಾಗಿದೆ, ದಿನಾ ಸೊಪ್ಪು ತಿನ್ನಿಸಿದರೆ ತಾನಾಗಿ ಸರಿಹೋಗುತ್ತದೆ ಎನ್ನುತ್ತಿದ್ದಳು.

ಆ ಮನೆಯಲ್ಲಿ ಸೊಪ್ಪಿಗೆ ಬರವಿರಲಿಲ್ಲ. ಹಿತ್ತಲಲ್ಲಿ ನಾಲ್ಕು ಮಡಿ. ಪಾಲಕ್, ದಂಟು, ಮೆಂತ್ಯ, ಮೂಲೆಯಲ್ಲಿ ಪುದೀನ. ಮೂವತ್ತು ವರ್ಷದಿಂದ ಅಜ್ಜಿ ಅದನ್ನು ಮಗುವಿನಂತೆ ಸಾಕಿದ್ದಳು. ಪಕ್ಕದ ಮೂರು ಮನೆಗೂ ಕಂತೆ ಕಟ್ಟಿ ಕಳಿಸುತ್ತಿದ್ದಳು. ಬೀದಿಗೆಲ್ಲ ಅವಳು ಸೊಪ್ಪಜ್ಜಿ.

ಹಿತ್ತಲಿನ ಗೋಡೆಯಾಚೆ ಒಂದು ಕಾಲಕ್ಕೆ ತಗಡಿನ ಶೆಡ್ ಇತ್ತು. ಹಳೇ ಬ್ಯಾಟರಿಗಳನ್ನು ಒಡೆದು, ಒಳಗಿನ ಸೀಸ ತೆಗೆದು, ಅಲ್ಲೇ ಕರಗಿಸುತ್ತಿದ್ದರು. ಅದು ಮುಚ್ಚಿ ಹನ್ನೆರಡು ವರ್ಷವಾಗಿತ್ತು. ಈಗ ಅಲ್ಲಿ ಬರೀ ಕಳೆ ಬೆಳೆದಿತ್ತು. ಆ ಶೆಡ್ಡಿನ ಮಾತನ್ನು ಯಾರೂ ಎತ್ತುತ್ತಿರಲಿಲ್ಲ.

ಆರೋಗ್ಯ ಕೇಂದ್ರದಲ್ಲಿ ಗುಬ್ಬಿಯ ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬಂದ ದಿನ ಅಲ್ಲಿನ ನರ್ಸಮ್ಮ ತಾವೇ ಮನೆಗೆ ಬಂದರು. ಮಗುವಿನ ರಕ್ತದಲ್ಲಿ ಸೀಸ ಸೇರಿಕೊಂಡಿದೆ ಎಂದರು. ಮಗು ಎಲ್ಲಿ ಆಡುತ್ತದೆ, ಏನು ತಿನ್ನುತ್ತದೆ, ಸುತ್ತಮುತ್ತ ಯಾವ ಕಾರ್ಖಾನೆ ಇತ್ತು ಎಂದು ಒಂದೊಂದಾಗಿ ಕೇಳಿದರು. ಹಿತ್ತಲಿಗೆ ಹೋಗಿ ಗೋಡೆಯಾಚೆ ನೋಡಿದರು. ಎರಡು ಕವರಿನಲ್ಲಿ ಮಣ್ಣು ತುಂಬಿಕೊಂಡು ಹೋದರು.

ಮೂರು ವಾರದ ಮೇಲೆ ಮಣ್ಣಿನ ವರದಿಯೂ ಬಂತು. ಮಣ್ಣಿನ ತುಂಬ ಸೀಸ. ಆ ಮಣ್ಣಿನಲ್ಲಿ ಬೆಳೆದದ್ದನ್ನು ಮಗುವಿಗೆ ಕೊಡಬಾರದು, ಅಲ್ಲಿ ಆಡಲೂ ಬಿಡಬಾರದು ಎಂದು ನರ್ಸಮ್ಮ ಹೇಳಿದಾಗ ಅಜ್ಜಿಯ ಮುಖ ಗಂಟಿಕ್ಕಿತು.

"ಮೂವತ್ತು ವರ್ಷ ಇದೇ ಸೊಪ್ಪು ತಿಂದಿದ್ದೀನಿ. ನಾನು ಚೆನ್ನಾಗೇ ಇದ್ದೀನಲ್ಲ."

"ನಿಮ್ಮ ಮೈಯೊಳಗೆ ಎಷ್ಟಿದೆ ಅಂತ ಪರೀಕ್ಷೆ ಮಾಡದೆ ಹೇಳಕ್ಕಾಗಲ್ಲ ಅಜ್ಜಿ. ಆದ್ರೆ ಮಗುವಿನ ಮೆದುಳು ಇನ್ನೂ ಬೆಳೀತಾ ಇದೆ. ಅದಕ್ಕೆ ಸ್ವಲ್ಪ ಸೀಸವೂ ಹೆಚ್ಚೇ."

ಚೆನ್ನಾಗಿ ತೊಳೆದು ಬೇಯಿಸಿದರೆ ಹೋಗುವುದಿಲ್ಲವೇ ಎಂದು ಸೊಸೆ, ಗುಬ್ಬಿಯ ಅಮ್ಮ, ಕೇಳಿದಳು. ಬೇಯಿಸಿದರೆ ಸೀಸ ಸಾಯುವುದಿಲ್ಲ ಎಂದರು ನರ್ಸಮ್ಮ. ಎಲೆಗೆ ಅಂಟಿದ ಧೂಳಿನಲ್ಲೂ ಅದು ಇರುತ್ತದೆ, ಬೇರಿನ ಮೂಲಕ ಗಿಡದ ಒಳಕ್ಕೂ ಹೋಗುತ್ತದೆ. ತೊಳೆದರೆ ಧೂಳು ಅಷ್ಟಿಷ್ಟು ಹೋದೀತು, ಒಳಗಿನದು ಹೋಗುವುದಿಲ್ಲ. ಅಜ್ಜಿ ಎದ್ದು ಒಳಗೆ ಹೋದಳು.

ಅವತ್ತಿನಿಂದ ಸೊಸೆ ಹಿತ್ತಲ ಸೊಪ್ಪನ್ನು ಒಲೆಯ ಹತ್ತಿರಕ್ಕೂ ತರಲಿಲ್ಲ. ಅಜ್ಜಿಗೆ ತನ್ನ ಕೈಯನ್ನೇ ಕತ್ತರಿಸಿದಂತಾಯಿತು. ಮಗು ದಿನದಿನಕ್ಕೆ ಸೊರಗುವುದು ಅವಳ ಕಣ್ಣಿಗೆ ಕಾಣುತ್ತಿತ್ತು, ಸೀಸ ಕಾಣುತ್ತಿರಲಿಲ್ಲ. ಸೊಸೆ ಮಧ್ಯಾಹ್ನ ಇಸ್ತ್ರಿ ಬಟ್ಟೆ ಮುಟ್ಟಿಸಲು ಹೋದಾಗ ಅಜ್ಜಿ ಎರಡು ಹಿಡಿ ಪಾಲಕ್ ಕಿತ್ತು ಬೇಯಿಸಿ ಮೊಮ್ಮಗಳಿಗೆ ತುತ್ತು ಮಾಡಿ ತಿನ್ನಿಸುತ್ತಿದ್ದಳು. ಆಮೇಲೆ ಪಾತ್ರೆ ತೊಳೆದು ಕವುಚಿಡುತ್ತಿದ್ದಳು.

ಎರಡು ತಿಂಗಳ ಮೇಲೆ ಮತ್ತೆ ರಕ್ತ ಪರೀಕ್ಷೆಯಾಯಿತು. ಸೀಸ ಇಳಿದಿರಲಿಲ್ಲ, ಏರಿತ್ತು. ನರ್ಸಮ್ಮ ಕಾರಣ ಕೇಳಿದರು. ತಾನು ಒಂದು ಎಲೆಯನ್ನೂ ಕೊಟ್ಟಿಲ್ಲವೆಂದು ಸೊಸೆ ಅಳುವ ಹಾಗಾದಳು. ಆಗ ಬೆಂಚಿನ ಮೇಲೆ ಕಾಲಾಡಿಸುತ್ತಿದ್ದ ಗುಬ್ಬಿ ಮೆಲ್ಲಗೆ ಹೇಳಿದಳು.

"ಅಜ್ಜಿ ಕೊಡ್ತಾಳೆ. ಅಮ್ಮಂಗೆ ಹೇಳ್ಬಾರ್ದು."

ಅಜ್ಜಿ ಪಕ್ಕದಲ್ಲೇ ಕೂತಿದ್ದಳು. ಯಾರೂ ಅವಳನ್ನು ಬೈಯಲಿಲ್ಲ. ಅವತ್ತಿನಿಂದ ಸೊಸೆ ಅತ್ತೆಯ ಜೊತೆ ಮಾತು ಬಿಟ್ಟಳು. ಮುಂದೆ ತಟ್ಟೆ ಇಟ್ಟು ಹೋಗುತ್ತಿದ್ದಳು. ಗುಬ್ಬಿಯನ್ನು ಬಟ್ಟೆಗಂಟಿನ ಜೊತೆ ಮನೆಮನೆಗೂ ಕರೆದುಕೊಂಡೇ ಹೋಗುತ್ತಿದ್ದಳು. ಅಜ್ಜಿಯ ಹತ್ತಿರ ಬಿಡುತ್ತಿರಲಿಲ್ಲ.

ಹತ್ತನೆಯ ದಿನ ಅಜ್ಜಿ ಒಬ್ಬಳೇ ಆರೋಗ್ಯ ಕೇಂದ್ರಕ್ಕೆ ಹೋದಳು. ಬಾಗಿಲಲ್ಲೇ ನಿಂತು ಹೇಳಿದಳು. "ನನ್ನ ಕೈಯಾರೆ ವಿಷ ತಿನ್ನಿಸಿದೆ ನರ್ಸಮ್ಮ. ಮಗುವಿಗೆ ಸೊಪ್ಪು ಬೇಕೇ ಬೇಕು, ನೀವು ಆ ಮಣ್ಣು ಬೇಡ ಅಂತೀರಿ. ನಾನೇನು ಮಾಡ್ಲಿ?"

ನರ್ಸಮ್ಮ ಅವಳನ್ನು ಕೇಂದ್ರದ ತಾರಸಿಗೆ ಕರೆದುಕೊಂಡು ಹೋದರು. ಅಲ್ಲಿ ಆರು ಡಬ್ಬಗಳ ಮುಚ್ಚಳದಿಂದ ಪಾಲಕ್ ಎದ್ದು ನಿಂತಿತ್ತು. ನರ್ಸಮ್ಮ ಒಂದು ಮುಚ್ಚಳವನ್ನು ಗಿಡದ ಸಮೇತ ಎತ್ತಿದರು. ಕೆಳಗೆ ಬಿಳಿ ಬೇರುಗಳು ನೀರಿಗೆ ಇಳಿಬಿದ್ದಿದ್ದವು. ಮಣ್ಣು ಒಂದು ಚಿಟಿಕೆಯೂ ಇರಲಿಲ್ಲ.

ಅಜ್ಜಿ ಬಗ್ಗಿ ನೀರಿನ ವಾಸನೆ ನೋಡಿದಳು. "ಇದು ಯಾವ ಔಷಧಿ ಹಾಕಿದ ನೀರು? ಒಂದು ವಿಷ ಬಿಡಿಸಿ ಇನ್ನೊಂದು ವಿಷ ಕೊಡ್ತೀರಾ?"

"ವಿಷ ಅಲ್ಲ ಅಜ್ಜಿ. ಗಿಡ ಮಣ್ಣಿಂದ ಏನು ಹೀರ್ಕೊಳ್ಳುತ್ತೋ ಅದೇ ಸತ್ವ, ನೀರಲ್ಲಿ ಕರಗಿಸಿರೋದು. ಗಿಡಕ್ಕೆ ಬೇಕಾಗಿರೋದು ನೀರು, ಗಾಳಿ, ಬೆಳಕು, ಆ ಸತ್ವ, ಇಷ್ಟೇ."

ಹೊರಗಿನಿಂದ ಮಣ್ಣು ತರಿಸಿ ಕುಂಡದಲ್ಲಿ ಹಾಕಿದರಾಗದೇ ಎಂದು ಅಜ್ಜಿ ಕೇಳಿದಳು. ಆದೀತು, ಆದರೆ ಅದನ್ನೂ ಪರೀಕ್ಷೆ ಮಾಡಿಸಬೇಕು, ಎಲ್ಲಿಯ ಮಣ್ಣೋ ಯಾರಿಗೆ ಗೊತ್ತು ಎಂದರು ನರ್ಸಮ್ಮ. ನೀರಿನದ್ದೂ ಅಷ್ಟೇ. ಹಿತ್ತಲ ಬಾವಿಯ ನೀರು ಬೇಡ, ಪರೀಕ್ಷೆಯಾದ ನಲ್ಲಿ ನೀರನ್ನೇ ಬಳಸಬೇಕು ಎಂದರು.

ಲಾರಿ ಓಡಿಸುವ ಮಗ, ಗುಬ್ಬಿಯ ಅಪ್ಪ, ಬೇಕರಿಯಿಂದ ನಾಲ್ಕು ಖಾಲಿ ಡಬ್ಬ ತಂದುಕೊಟ್ಟ. ಅಜ್ಜಿ ಮನೆಯ ತಾರಸಿಯಲ್ಲಿ ನರ್ಸಮ್ಮ ಕೊಟ್ಟ ಪಾಲಕ್ ಸಸಿಗಳನ್ನು ಅವುಗಳಲ್ಲಿಟ್ಟು ನೀರನ್ನು ಅಂಚಿನವರೆಗೂ ತುಂಬಿದಳು. ಸಸಿ ಹೆಚ್ಚು ಕುಡಿದಷ್ಟೂ ಒಳ್ಳೆಯದೆಂದು ಅವಳ ಲೆಕ್ಕ. ಡಬ್ಬಗಳು ಪಾರದರ್ಶಕವಾಗಿದ್ದವು. ಎರಡು ವಾರದಲ್ಲಿ ನೀರು ಪಾಚಿಗಟ್ಟಿತು, ಬೇರು ಕೊಳೆತು ನಾರಿತು, ಸಸಿಗಳು ಸತ್ತವು. ಅಜ್ಜಿ ತಾರಸಿಯ ಮೆಟ್ಟಿಲ ಮೇಲೆ ಕೂತಳು. ತಾನು ಮುಟ್ಟಿದ್ದೆಲ್ಲ ಹಾಳು ಎನಿಸಿತು.

ಅಷ್ಟು ದಿನ ಮಾತು ಬಿಟ್ಟಿದ್ದ ಸೊಸೆ ಆವತ್ತು ಮೇಲೆ ಬಂದಳು. ಸತ್ತ ಸಸಿಗಳನ್ನು ತೆಗೆದು ಡಬ್ಬ ತೊಳೆದಳು. "ಹಳೇ ಕಪ್ಪು ಬಟ್ಟೆ ಕೆಳಗಿದೆ ಅತ್ತೆ. ಸುತ್ತಿ ಕಟ್ಟೋಣ, ನೀರಿಗೆ ಬೆಳಕು ಬೀಳ್ಬಾರ್ದಂತೆ," ಎಂದಳು. ಅಷ್ಟೇ ಹೇಳಿದಳು. ಕ್ಷಮಿಸಿದ್ದೇನೆ ಎನ್ನಲಿಲ್ಲ.

ಈ ಸಲ ನರ್ಸಮ್ಮ ಹೇಳಿದಂತೆಯೇ ಮಾಡಿದರು. ನೆನೆಸಿದ ಸ್ಪಂಜಿನ ತುಂಡಿನಲ್ಲಿ ಬೀಜ ಮೊಳಕೆ ಬರಿಸಿದರು. ಮುಚ್ಚಳಕ್ಕೆ ತೂತು ಕೊರೆದು, ತಳದಲ್ಲಿ ತೂತಿದ್ದ ಲೋಟಗಳನ್ನು ಇಳಿಬಿಟ್ಟು, ಅದರೊಳಗೆ ಸಸಿ ಇಟ್ಟರು. ಗೊಬ್ಬರದಂಗಡಿಯಲ್ಲಿ ಸಿಗುವ ಎರಡು ಬಾಟಲಿ ಸತ್ವವನ್ನು ಅಳತೆ ನೋಡಿ ಒಂದಾದ ಮೇಲೊಂದು ನೀರಿಗೆ ಹಾಕಿ ಕಲಕಿದರು, ಬಾಟಲಿಯಿಂದ ನೇರ ಒಂದಕ್ಕೊಂದು ಬೆರೆಸಲಿಲ್ಲ. ನೀರು ಲೋಟದ ತಳ ಮುಟ್ಟುವಷ್ಟೇ. ಗಿಡ ಬೆಳೆದಂತೆ ನೀರು ಇಳಿಯಿತು, ಮೇಲಿನ ಬೇರಿಗೆ ಗಾಳಿ ಸಿಕ್ಕಿತು. ಸೊಳ್ಳೆ ಮೊಟ್ಟೆಯಿಡದಂತೆ ಸಂದುಗಳನ್ನು ಮುಚ್ಚಿದರು. ಒಂದೂವರೆ ತಿಂಗಳಿಗೆ ಪಾಲಕ್ ಕೊಯ್ಲಿಗೆ ಬಂತು. ಮೊದಲ ಕೊಯ್ಲಿನ ಸೊಪ್ಪನ್ನು ಸೊಸೆಯೇ ಬೇಯಿಸಿದಳು. ತಟ್ಟೆಗೆ ಬಡಿಸಿ ಗುಬ್ಬಿಯನ್ನು ಅಜ್ಜಿಯ ಪಕ್ಕ ಕೂರಿಸಿದಳು.

ಹಿತ್ತಲ ಗಿಡಗಳನ್ನು ಅಜ್ಜಿ ತಾನೇ ಕಿತ್ತಳು. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಧೂಳು ಏಳದಂತೆ ಮಣ್ಣಿಗೆ ನೀರು ಚಿಮುಕಿಸಿ ಕಿತ್ತಳು. ಅದನ್ನು ಸುಡಲಿಲ್ಲ, ದನಕರುಗಳ ಬಾಯಿಗೆ ಹಾಕಲಿಲ್ಲ. ಚೀಲಕ್ಕೆ ತುಂಬಿ ನರ್ಸಮ್ಮ ಹೇಳಿದ ಕಡೆಗೆ ಕೊಟ್ಟಳು. ಮಗ ನಾಲ್ಕೂ ಮಡಿಗಳ ಮೇಲೆ ಕಲ್ಲು ಹಾಸಿ ಸಿಮೆಂಟು ಬಳಿದ.

ಇನ್ನೊಂದು ಕೆಲಸ ಉಳಿದಿತ್ತು. ಅದನ್ನು ಮಾಡು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಒಂದು ಬೆಳಿಗ್ಗೆ ಅಜ್ಜಿ ಪಕ್ಕದ ಮೂರೂ ಮನೆಗಳ ಬಾಗಿಲು ತಟ್ಟಿದಳು. ಇಷ್ಟು ವರ್ಷ ನಾನು ಕೊಟ್ಟ ಸೊಪ್ಪಿನಲ್ಲಿ ಸೀಸವಿತ್ತು, ನನಗೆ ತಿಳಿದಿರಲಿಲ್ಲ, ಮಕ್ಕಳ ರಕ್ತ ಪರೀಕ್ಷೆ ಮಾಡಿಸಿ ಎಂದಳು. ಮೊದಲ ಮನೆಯವರು ಕೂರಿಸಿ ನೀರು ಕೊಟ್ಟರು. ಎರಡನೆಯ ಮನೆಯ ತಾಯಿ ಪಕ್ಕದಲ್ಲಿದ್ದ ಮಗುವನ್ನು ಬರಸೆಳೆದುಕೊಂಡಳು. ಮೂರನೆಯ ಮನೆಯ ದರ್ಜಿ ಮುಖದ ಮೇಲೆ ಬಾಗಿಲು ಹಾಕಿದ. ಅಜ್ಜಿ ಮಾರನೆಯ ದಿನವೂ ಹೋಗಿ ತಟ್ಟಿದಳು, ಅದರ ಮಾರನೆಯ ದಿನವೂ. ನಾಲ್ಕನೆಯ ದಿನ ಅವನು ಮಗನನ್ನು ಎತ್ತಿಕೊಂಡು ಆರೋಗ್ಯ ಕೇಂದ್ರಕ್ಕೆ ನಡೆದ.

ಆ ಮನೆಗಳ ನಾಲ್ಕು ಮಕ್ಕಳಲ್ಲಿ ಇಬ್ಬರ ರಕ್ತದಲ್ಲಿ ಸೀಸ ಸಿಕ್ಕಿತು. ದರ್ಜಿಯ ಮಗನಿಗೆ ಇನ್ನೂ ಎರಡು ವರ್ಷ, ಅವನಲ್ಲಿ ಸ್ವಲ್ಪವೇ ಇತ್ತು, ಬೇಗ ಗೊತ್ತಾದದ್ದು ಒಳ್ಳೆಯದಾಯಿತು. ಗುಬ್ಬಿಯದು ಈಗ ನಿಧಾನವಾಗಿ ಇಳಿಯುತ್ತಿದೆ. ಆದರೆ ಕಲಿಕೆಯಲ್ಲಿ ಹಿಂದೆ ಬಿದ್ದದ್ದೆಲ್ಲ ಮರಳಿ ಬರುತ್ತದೆಯೇ ಎಂದು ಅಮ್ಮ ಕೇಳಿದರೆ ನರ್ಸಮ್ಮ ಹೌದು ಎನ್ನುವುದಿಲ್ಲ. ಸುಳ್ಳು ಹೇಳಿ ಸಮಾಧಾನ ಮಾಡುವುದು ಅವರಿಗೆ ಬರುವುದಿಲ್ಲ.

ಓದುತ್ತಿರುವ ಅಕ್ಕ, ಕೇಳುತ್ತಿರುವ ಅಣ್ಣ, ನಿಮ್ಮ ಮನೆಯ ಸುತ್ತ ಹಿಂದೆ ಬ್ಯಾಟರಿ, ಬಣ್ಣ ಅಥವಾ ಲೋಹದ ಕೆಲಸ ನಡೆದಿತ್ತೇ? ಹಿರಿಯರನ್ನು ಕೇಳಿ ತಿಳಿದುಕೊಳ್ಳಿ. ನಡೆದಿದ್ದರೆ ಮಣ್ಣು, ನೀರು ಎರಡನ್ನೂ ಪರೀಕ್ಷೆ ಮಾಡಿಸಿ, ಮಕ್ಕಳ ರಕ್ತವನ್ನೂ ತೋರಿಸಿ. ಮಣ್ಣು ಕೆಟ್ಟಿದ್ದರೆ ಸೊಪ್ಪು ಬಿಡಬೇಕಾಗಿಲ್ಲ, ಮಣ್ಣು ಬಿಟ್ಟರೆ ಸಾಕು. ತಿಂಡಿ ತುಂಬಿದ್ದ ಮುಚ್ಚಳದ ಡಬ್ಬ, ಶುದ್ಧ ನೀರು, ಅಳತೆಯ ಸತ್ವ, ಬೆಳಗಿನ ಬಿಸಿಲು ಇದ್ದರೆ ತಾರಸಿಯಲ್ಲೇ ಬೆಳೆಯುತ್ತದೆ. ಹೇಗೆಂದು ಹತ್ತಿರದ ಆರೋಗ್ಯ ಕೇಂದ್ರದಲ್ಲೋ ಕೃಷಿ ಕಚೇರಿಯಲ್ಲೋ ಕೇಳಿ. ಕೇಳಲು ನಾಚಬೇಡಿ, ನಾಳೆ ನೋಡೋಣ ಎನ್ನಬೇಡಿ. ನಿಮ್ಮ ಮನೆಯಲ್ಲಿ ಎರಡು ವರ್ಷದ ಮಗುವಿದ್ದರೆ, ಇವತ್ತೇ ಹೊರಡಿ.