ಐದು ಮಕ್ಕಳು, ಒಂದೇ ಸಾಲು ಹೆಜ್ಜೆ

ಪೂರ್ವ ಕಾಂಗೋದ ಆ ಬೆಟ್ಟದೂರಿನಲ್ಲಿ ಕವೀರಳ ಹೊಲದ ಮರಗೆಣಸನ್ನು ಶತ್ರುಪಡೆಯವರು ಮತ್ತೆ ಕಿತ್ತೊಯ್ದಿದ್ದರು. ಗಂಡ ಸತ್ತ ಮೇಲೆ ಕಾಯುವವರಾದರೂ ಯಾರು? ಊರು ಕಾಯುತ್ತೇವೆ ಎನ್ನುವ ಬೆಟ್ಟದ ಪಡೆಯ ನಾಯಕ ಬಂದು ಅವಳ ಮಗ ಪಲುಕುವನ್ನು ತನ್ನ ಪಡೆಗೆ ಕೊಡು ಎಂದು ಕೇಳಿದ್ದ. ಅವಳ ಮನಸ್ಸು ವಾಲಿತ್ತು. ಅವಳನ್ನು ಬೈಯಬೇಡಿ, ಹಸಿದ ಮನೆಯಲ್ಲಿ ಯಾರ ಮನಸ್ಸಾದರೂ ವಾಲುತ್ತದೆ.

ಪಕ್ಕದ ಮನೆಯ ಮಸಿಕಾ ಒಣಗೆಣಸು ಕುಟ್ಟುತ್ತಿದ್ದಳು. ಅವಳ ಮಗ ಮುಹಿಂದೋ ಅದೇ ಪಡೆಯಲ್ಲಿದ್ದು ಕಳೆದ ತಿಂಗಳು ತಪ್ಪಿಸಿಕೊಂಡು ಬಂದಿದ್ದ.

"ನಾಳೆ ಪಲುಕುನ ಕಳಿಸ್ತೀನಿ ಕಣಕ್ಕ," ಅಂದಳು ಕವೀರಾ.

"ಬುದ್ಧಿಗಿದ್ಧಿ ಇದ್ಯಾ ನಿಂಗೆ? ಇನ್ನೂ ಹಾಲುಗಲ್ಲದ ಕೂಸು ಅದು!"

"ಕೋವಿ ಕೊಡಲ್ವಂತೆ. ಬರೀ ನೀರು ಹೊರೋದು. ನಮ್ಮ ಹುಡುಗರೇ ತಾನೆ ಅವ್ರು? ಮಂತ್ರದ ನೀರು ಚಿಮುಕಿಸ್ತಾರಂತೆ, ಗುಂಡೂ ತಾಗಲ್ವಂತೆ."

"ನನ್ನ ಮಗನಿಗೂ ಚಿಮುಕಿಸಿದ್ರು. ಅವನ ಪಕ್ಕದಲ್ಲಿದ್ದ ಹುಡುಗನಿಗೂ ಚಿಮುಕಿಸಿದ್ರು. ಆ ಹುಡುಗ ಎಲ್ಲಿದ್ದಾನೆ ಹೇಳು ಈಗ?"

"ನಿನ್ನ ಮಗನಿಗೆ ಗಾಳಿ ಮೆಟ್ಟಿದೆ ಅಕ್ಕ. ಕರೆದ್ರೆ ತಿರುಗಲ್ಲ. ಗೋಡೆಗೆ ಬೆನ್ನು ಕೊಟ್ಟೇ ಕೂರ್ತಾನೆ."

"ಗಾಳಿಯಲ್ಲ ಕಣೇ. ಅಲ್ಲಿ ಅವನ ಹೆಸರನ್ನೇ ಕಿತ್ಕೊಂಡು ಬೇರೆ ಹೆಸರಿಟ್ಟಿದ್ರು. ಈಗ ದಿನಾ ನಾನು ಹೆಸರು ಹಿಡಿದು ಕರೀತೀನಿ. ನಿನ್ನೆ ಒಂದ್ಸಲ ತಿರುಗಿದ."

ಕವೀರಾ ಮೂತಿ ತಿರುವಿದಳು.

ಮುಹಿಂದೋ ಜೊತೆ ಪಲುಕು ಮತ್ತು ಇನ್ನೂ ಮೂವರು ಮಕ್ಕಳು ಕ್ಯಾನು ಹಿಡಿದು ತೊರೆಗೆ ಹೋಗಿದ್ದರು. ಇಷ್ಟು ಹೊತ್ತಿಗೆ ಅವರ ಕೇಕೆ, ಜಗಳ ಕೇಳಬೇಕಿತ್ತು. ಏನೂ ಕೇಳಲಿಲ್ಲ. ಕವೀರಾ ಎದ್ದು ಹೊರಟಳು.

ಮಳೆಗೆ ನೆಂದ ಕೆಮ್ಮಣ್ಣಿನ ದಾರಿ. ಅದರ ಮೇಲೆ ಒಂದೇ ಸಾಲು ಹೆಜ್ಜೆ. ಹೋದವರು ಐವರು, ಹೆಜ್ಜೆ ಒಬ್ಬರದು! ಉಳಿದವರನ್ನು ನೆಲ ನುಂಗಿತೇ? "ಪಲುಕೂ!" ಎಂದು ಕೂಗಿದಳು. ಯಾರೂ ಓಗೊಡಲಿಲ್ಲ.

ತಿರುವಿನಲ್ಲಿ ಐವರೂ ಇದ್ದರು. ತುಂಬಿದ ಕ್ಯಾನು ಹೊತ್ತು, ಉಸಿರು ಬಿಗಿಹಿಡಿದು, ಸಾಲಾಗಿ ನಿಂತಿದ್ದರು. ಎಲ್ಲರಿಗಿಂತ ಮುಂದೆ ಪಲುಕು. ತಾಯಿಯನ್ನು ನೋಡಿಯೂ ಅವನ ಮುಖ ಅಲುಗಲಿಲ್ಲ.

"ಏನ್ರೋ ಇದು?"

"ಮುಹಿಂದೋ ಕಲಿಸಿದ ಆಟ ಅಮ್ಮ," ಪಲುಕು ಪಿಸುಗುಟ್ಟಿದ. "ಮುಂದಿನೋನ ಹೆಜ್ಜೆ ಮೇಲೇ ಹೆಜ್ಜೆ ಇಡ್ಬೇಕು. ಎಷ್ಟು ಜನ ಅಂತ ಯಾರಿಗೂ ಗೊತ್ತಾಗಬಾರ್ದು. ಸದ್ದು ಮಾಡಿದೋನನ್ನ ಹುಲ್ಲೊಳಗೆ ಕರ್ಕೊಂಡು ಹೋಗ್ತಾರೆ."

"ಆಮೇಲೆ?"

ಪಲುಕು ಹಿಂದಕ್ಕೆ ತಿರುಗಿ ನೋಡಿದ. ಸಾಲಿನ ಕೊನೆಯಲ್ಲಿದ್ದ ಮುಹಿಂದೋ ಹೇಳಿದ: "ಆಮೇಲೆ ಅವನು ಬರಲ್ಲ, ಚಿಕ್ಕಮ್ಮ."

"ಇವನನ್ಯಾಕೆ ಮುಂದೆ ನಿಲ್ಲಿಸಿದ್ದೀಯೋ?"

"ಚಿಕ್ಕವರೇ ಮುಂದೆ. ಮೊದಲ ಗುಂಡು ಮುಂದಿನೋನಿಗೆ ತಾನೆ." ಇವತ್ತು ಊಟಕ್ಕೆ ಸೊಪ್ಪು ಎಂದು ಹೇಳುವಷ್ಟು ಸಲೀಸಾಗಿ ಹೇಳಿದ.

ಕವೀರಾ ಪಲುಕುವನ್ನು ಹತ್ತಿರಕ್ಕೆ ಎಳೆದುಕೊಂಡು ಮುಹಿಂದೋ ಕಡೆ ತಿರುಗಿದಳು. "ಅಲ್ಲಿ ನಿಂಗೇನು ಕೆಲಸ ಕೊಟ್ಟಿದ್ರು ಮಗ?"

"ನೀರು ಹೊರೋದು." ಅವನು ಕ್ಯಾನನ್ನೇ ನೋಡುತ್ತಿದ್ದ. "ಮೊದಲು ಬರೀ ನೀರು, ಚಿಕ್ಕಮ್ಮ."

ಕವೀರಾ ಓಡೋಡಿ ಮಸಿಕಾಳ ಬಳಿ ಬಂದಳು. "ಅಕ್ಕ, ನಾಳೆ ಆ ನಾಯಕ ಪಲುಕುನ ಕರ್ಕೊಂಡು ಹೋಗೋಕೆ ಬಂದ್ರೆ ಏನು ಹೇಳ್ಲಿ?"

"ನೀನೊಬ್ಳೇ ಹೇಳಿದ್ರೆ ಹೆದರಿಸ್ತಾನೆ. ನಾವೆಲ್ಲ ಬರ್ತೀವಿ. ಊರ ಮುಖ್ಯಸ್ಥನೂ ಪಾದ್ರಿಯೂ ಇರ್ಲಿ. ಮಕ್ಕಳನ್ನ ಈಗ್ಲೇ ಪೇಟೆಯ ಚರ್ಚಿನಲ್ಲಿ ಬಚ್ಚಿಡೋಣ."

ಬೆಳಿಗ್ಗೆ ನಾಯಕ ಬಂದಾಗ ಅಂಗಳದ ತುಂಬ ಹೆಂಗಸರು, ಕೈಯಲ್ಲಿ ಒನಕೆ. "ನೀರು ಬೇಕಾದ್ರೆ ತೊರೆ ಅಲ್ಲಿದೆ. ನನ್ನ ಮಗ ಸಿಗಲ್ಲ," ಅಂದಳು ಕವೀರಾ. ನಾಯಕ ಎಲ್ಲರ ಮುಖ ನೋಡಿದ, ಮುಖ್ಯಸ್ಥನನ್ನು ನೋಡಿದ, ಬೈದುಕೊಂಡು ಹೊರಟುಹೋದ. ಮಕ್ಕಳು ಚರ್ಚಿನಿಂದ ಮರಳಿದಂದಿನಿಂದ ಕವೀರಾ ಕೂಡ ದಿನಾ ಬೇಲಿಯಾಚೆಯಿಂದ "ಮುಹಿಂದೋ!" ಎಂದು ಕೂಗುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, "ಬರೀ ನೀರು ಹೊರೋಕೆ" ಎಂದು ಯಾರೇ ಮಗುವನ್ನು ಕೇಳಲಿ, ಕೊಡಬೇಡಿ. ಒಬ್ಬರೇ ಎದುರು ನಿಲ್ಲಬೇಡಿ, ಊರನ್ನೇ ಕರೆಯಿರಿ. ತಪ್ಪಿಸಿಕೊಂಡು ಬಂದ ಮಗುವಿಗೆ ಗಾಳಿ ಮೆಟ್ಟಿದೆ ಎನ್ನಬೇಡಿ, ಹೆಸರು ಹಿಡಿದು ಕರೆಯಿರಿ. ಇವತ್ತು ಮಕ್ಕಳು ನೀರು ತಂದ ಮೇಲೆ ಒಮ್ಮೆ ಆ ದಾರಿಗೆ ಹೋಗಿ ನೋಡಿ. ಹೋದ ಮಕ್ಕಳೆಲ್ಲರ ಹೆಜ್ಜೆಯೂ ಬೇರೆಬೇರೆಯಾಗಿ ಕಾಣುತ್ತಿದೆಯೇ?